ತುಕ್ಕು ತಿಂದ ಹಳೇ ಕೋವಿಯನ್ನು ಮತ್ತೆ ಹೊಸದರ ಹಾಗೆ ಮಾಡಬಹುದಾ?

ಅಜ್ಜನ ಕಾಲದ ಜೋಡುನಳಿಗೆ ಕೋವಿ ಅಟ್ಟದಲ್ಲಿ ಸಿಕ್ಕಿದೆ, ಮೈಯೆಲ್ಲ ಕೆಂಪು ತುಕ್ಕು, ಮಡಚಿ ತೆರೆಯೋಕೂ ಬರುತ್ತಿಲ್ಲ, ಮರಳು ಕಾಗದದಲ್ಲಿ ಉಜ್ಜಿ ಹೊಸದರ ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ. ಕೋವಿಯನ್ನು ಉಳಿಸಬಹುದು. ಹೊಸದು ಮಾಡೋಕೆ ಆಗಲ್ಲ. ತುಕ್ಕು ತಿಂದ ಕಬ್ಬಿಣ ವಾಪಸ್ ಬರಲ್ಲ, ಉಜ್ಜಿದಷ್ಟೂ ಉಳಿದ ಕಬ್ಬಿಣವೂ ಹೋಗುತ್ತದೆ. ಆದ್ದರಿಂದ ಮರಳು ಕಾಗದವನ್ನು ದಯವಿಟ್ಟು ಪಕ್ಕಕ್ಕಿಡಿ.

ನಾನು ಈ ಕೆಲಸಕ್ಕೆ ಕೈ ಹಾಕಿದಾಗ ಮೊದಲು ಸಿಕ್ಕಿದ್ದು ಒಂದು ಒಂಟಿನಳಿಗೆ ಕೋವಿ. ಒಂದು ದಿನ ಪೂರ್ತಿ ಕೂತು ಉಜ್ಜಿದೆ. ಸಂಜೆ ಹೊತ್ತಿಗೆ ನಳಿಗೆ ಬೆಳ್ಳಿ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಏನು ಕೆತ್ತಿದ್ದಾರೆ ಅಂತ ಓದಲು ಹೋದರೆ ಓದಲು ಏನೂ ಉಳಿದಿರಲಿಲ್ಲ. ಮಾಡಿದವರ ಹೆಸರು, ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಮುದ್ರೆ ಎಲ್ಲ ಅಳಿಸಿಹೋಗಿತ್ತು. ಬೆಳಗ್ಗೆ ತುಕ್ಕಿನ ಅಡಿಯಲ್ಲಿ ಅವು ಇನ್ನೂ ಇದ್ದವು. ತುಕ್ಕು ಉಳಿಸಿದ್ದನ್ನು ನಾನು ಅಳಿಸಿದ್ದೆ. ಆ ಬೇಸರ ಇವತ್ತಿಗೂ ಹೋಗಿಲ್ಲ. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲನೆಯದು, ಅದರೊಳಗೆ ತೋಟಾ ಇದೆ ಅಂತಲೇ ಅಂದುಕೊಳ್ಳಿ. ಹಳೇ ಕೋವಿಗಳನ್ನು ತುಂಬಿಸಿಟ್ಟು ಮರೆತುಬಿಡುವುದು ಬಹಳ ಸಾಮಾನ್ಯ. ಬಾಯಿಯಿಂದ ಮದ್ದು ತುಂಬುವ ಕೋವಿಗಳಲ್ಲಂತೂ ಇನ್ನೂ ಜಾಸ್ತಿ. ಕರಿಮದ್ದು ಒಣಗಿದ ಜಾಗದಲ್ಲಿದ್ದರೆ ಎಷ್ಟು ವರ್ಷವಾದರೂ ಕೆಡುವುದಿಲ್ಲ. ನೂರು ವರ್ಷ ಆಗಿದೆ, ಇನ್ನೇನು ಹಾರುತ್ತೆ ಅನ್ನುವ ಧೈರ್ಯ ಬೇಡ. ನಿಮ್ಮದು ತೆರೆಯುತ್ತಿಲ್ಲವಲ್ಲ, ಹಾಗಾಗಿ ನಳಿಗೆಯ ಬಾಯಿಯಿಂದ ಒಂದು ಮರದ ಕಡ್ಡಿಯನ್ನು ಮೆಲ್ಲಗೆ ಒಳಗೆ ಬಿಡಿ. ಬಾಯಿಯ ಎದುರು ನಿಲ್ಲಬೇಡಿ, ಪಕ್ಕದಲ್ಲಿ ನಿಂತು ಬಿಡಿ. ಕಡ್ಡಿ ಎಲ್ಲಿಗೆ ನಿಂತಿತೋ ಅಲ್ಲಿ ಗುರುತು ಹಾಕಿ ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ನಳಿಗೆ ಮುಗಿಯುವ ತನಕ ಬಂದರೆ ಖಾಲಿ. ಎರಡು, ಮೂರು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ. ಎರಡೂ ನಳಿಗೆಗಳನ್ನು ಹೀಗೇ ನೋಡಿ. ಏನಾದರೂ ಇದೆ ಅನಿಸಿದರೆ ಎಣ್ಣೆ ಬಿಡುವುದು, ಬಿಸಿ ಮಾಡುವುದು, ಬಡಿಯುವುದು ಯಾವುದೂ ಬೇಡ. ಕೋವಿ ರಿಪೇರಿ ಮಾಡುವವರಿಗೆ ತಿಳಿಸಿ, ಅವರೇ ಬಿಚ್ಚಲಿ. ಲೈಸೆನ್ಸಿನ ವಿಚಾರವೂ ಇದೇ ಹೊತ್ತಿಗೆ ಆಗಬೇಕು. ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ ಅಂತ ತಿಳಿದುಕೊಂಡು, ಕಾಗದ ಪತ್ರ ಸರಿಯಾದ ಮೇಲೆಯೇ ಸ್ಕ್ರೂಡ್ರೈವರ್ ಹಿಡಿಯಿರಿ.

ಖಾಲಿ ಅಂತ ಖಚಿತವಾದ ಮೇಲೆ ಎಣ್ಣೆ. ಈ ಹಂತದಲ್ಲಿ ನಿಮ್ಮ ಕೆಲಸ ಕಾಯುವುದು. ತುಕ್ಕು ಬಿಡಿಸುವ ಎಣ್ಣೆಯನ್ನು ಪ್ರತಿ ಸಂದಿಗೆ, ಪ್ರತಿ ಸ್ಕ್ರೂ ತಲೆಗೆ ಬಿಡಿ. ಮಾರನೇ ದಿನ ಮತ್ತೆ ಬಿಡಿ. ಒಂದು ವಾರ ಹೀಗೇ ಮಾಡಿ. ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಯನ್ನು ಸಮಸಮ ಬೆರೆಸಿ ಬಳಸುವವರೂ ಇದ್ದಾರೆ. ಅದು ಚೆನ್ನಾಗಿ ಇಳಿಯುತ್ತದೆ. ಆದರೆ ಬೇಗ ಬೆಂಕಿ ಹತ್ತುತ್ತದೆ, ಮರಕ್ಕೆ ತಾಗಿದರೆ ಪಾಲಿಶ್ ಕಿತ್ತುಬರುತ್ತದೆ. ಮರ ಜೊತೆಯಲ್ಲಿ ಇರುವಾಗ ನಾನು ಅದನ್ನು ಮುಟ್ಟುವುದಿಲ್ಲ.

ಸ್ಕ್ರೂಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ಹಳೇ ಕೋವಿಯ ಅಂದ ಕೆಡುವುದು ತುಕ್ಕಿನಿಂದಲ್ಲ, ತುದಿ ಜಾರಿ ಹರಿದುಹೋದ ಸ್ಕ್ರೂ ತಲೆಗಳಿಂದ. ಮಾಮೂಲಿ ಸ್ಕ್ರೂಡ್ರೈವರಿನ ತುದಿ ಬೆಣೆಯ ಹಾಗೆ ಇಳಿಜಾರಾಗಿರುತ್ತದೆ. ಅದು ಸೀಳಿನ ಮೇಲಂಚನ್ನು ಮಾತ್ರ ಹಿಡಿಯುತ್ತದೆ. ಜೋರು ಮಾಡಿದರೆ ಮೇಲಕ್ಕೆ ಜಿಗಿದು ಕೆತ್ತನೆಯ ಮೇಲೆ ಗೀರು ಎಳೆಯುತ್ತದೆ. ಸೀಳಿನ ಅಗಲಕ್ಕೂ ಉದ್ದಕ್ಕೂ ಸರಿಯಾಗಿ ಕೂರುವ ಹಾಗೆ, ಎರಡೂ ಬದಿ ಸಮಾನಾಂತರವಾಗಿರುವ ತುದಿ ಬೇಕು. ಅದನ್ನು ನಾನೇ ಒಂದೊಂದು ಸ್ಕ್ರೂಗೂ ಅರದಿಂದ ಉಜ್ಜಿ ಮಾಡಿಕೊಳ್ಳುತ್ತೇನೆ. ಅರ್ಧ ಗಂಟೆ ಹೋಗುತ್ತದೆ, ಪರವಾಗಿಲ್ಲ. ಅಷ್ಟಾದರೂ ಬರದಿದ್ದರೆ ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನನ್ನು ತಲೆಯ ಮೇಲೆ ಒತ್ತಿ ಹಿಡಿದು ಬಿಸಿ ಮಾಡಿ, ಆರಲು ಬಿಟ್ಟು, ಮತ್ತೆ ಎಣ್ಣೆ ಬಿಡಿ. ಹತ್ತಿರದಲ್ಲಿ ಅಸಿಟೋನ್ ಮಾತ್ರ ಇರಬಾರದು. ಹಿಗ್ಗಿ ಕುಗ್ಗಿದಾಗ ತುಕ್ಕಿನ ಹಿಡಿತ ಒಡೆಯುತ್ತದೆ.

ಬಿಚ್ಚಿದ ಸ್ಕ್ರೂಗಳನ್ನು ಡಬ್ಬಿಗೆ ಸುರಿಯಬೇಡಿ. ಕೈಯಿಂದ ಮಾಡಿದ ಕೋವಿಗಳಲ್ಲಿ ಒಂದರ ಸ್ಕ್ರೂ ಇನ್ನೊಂದರ ತೂತಿಗೆ ಕೂರುವುದಿಲ್ಲ. ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು, ಯಾವುದು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಒಳಗಿನ ದೊಡ್ಡ ಸ್ಪ್ರಿಂಗನ್ನು ಮಾತ್ರ ಸುಮ್ನೆ ಬಿಚ್ಚಲು ಹೋಗಬೇಡಿ. ಅದು ಬಿಗಿಯಾಗಿ ಕೂತಿರುತ್ತದೆ, ಹಾರಿದರೆ ಕಣ್ಣಿಗೆ ಅಪಾಯ. ತುಕ್ಕು ಹಿಡಿದದ್ದಾದರೆ ಮುರಿಯಲೂಬಹುದು. ಅದನ್ನು ಹಿಡಿದು ತೆಗೆಯಲು ಬೇರೆಯೇ ಸಾಧನ ಇದೆ.

ಈಗ ತುಕ್ಕು. ಕೆಂಪು ತುಕ್ಕು ಪುಡಿಪುಡಿ. ಒಳಗೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಕಬ್ಬಿಣಕ್ಕಿಂತ ಜಾಸ್ತಿ ಜಾಗ ತೆಗೆದುಕೊಂಡು ಪದರ ಪದರವಾಗಿ ಎದ್ದುಬರುತ್ತದೆ. ಅದಕ್ಕೇ ಅದು ನಿಲ್ಲುವುದೇ ಇಲ್ಲ, ಒಳಕ್ಕೆ ತಿನ್ನುತ್ತಾ ಹೋಗುತ್ತದೆ. ಕಬ್ಬಿಣದ ಇನ್ನೊಂದು ಆಕ್ಸೈಡ್ ಇದೆ, ಮ್ಯಾಗ್ನೆಟೈಟ್. ಮೂರು ಕಬ್ಬಿಣಕ್ಕೆ ನಾಲ್ಕು ಆಮ್ಲಜನಕ. ಅದು ಕಪ್ಪು, ದಟ್ಟ, ಲೋಹಕ್ಕೆ ಅಂಟಿ ಕೂರುತ್ತದೆ, ಮೇಲೆ ಹಚ್ಚಿದ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ. ಹಳೇ ಕೋವಿಗಳ ನೀಲಿ ಛಾಯೆಯ ಕಪ್ಪು ಬಣ್ಣ ಅಂದರೆ ಇದೇ. ಕೆಂಪು ತುಕ್ಕನ್ನು ಕುದಿಯುವ ನೀರಿನಲ್ಲಿ ಇಟ್ಟರೆ ಅದು ಈ ಕಪ್ಪಾಗಿ ಮಾರ್ಪಡುತ್ತದೆ. ಹಿಂದಿನ ಕೋವಿ ಮಾಡುವವರು ನಳಿಗೆಗೆ ಬೇಕಂತಲೇ ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ, ಮತ್ತೆ ತುಕ್ಕು ಹಿಡಿಸಿ ಬಣ್ಣ ಕಟ್ಟುತ್ತಿದ್ದರು. ನಿಮ್ಮ ಅಟ್ಟ ಆ ಕೆಲಸದ ಅರ್ಧವನ್ನು ಆಗಲೇ ಮಾಡಿಟ್ಟಿದೆ.

ಕುದಿಸುವ ಮೊದಲು ಸಡಿಲ ತುಕ್ಕು ಹೋಗಬೇಕು. ಎಣ್ಣೆ ಹಚ್ಚಿ, ಹಿತ್ತಾಳೆ ಅಥವಾ ತಾಮ್ರದ ಚೂರಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ಹಿತ್ತಾಳೆ ಉಕ್ಕಿಗಿಂತ ಮೆದು, ಹಾಗಾಗಿ ಗುಳ್ಳೆ ಎದ್ದ ತುಕ್ಕು ಮಾತ್ರ ಹಾರುತ್ತದೆ. ಅಕ್ಷರಗಳಿರುವ ಜಾಗದಲ್ಲಿ ಹಲ್ಲುಕಡ್ಡಿ ಸಾಕು.

ಜೋಡುನಳಿಗೆಯಾದ್ದರಿಂದ ಇನ್ನೊಂದು ಪರೀಕ್ಷೆ ಇದೆ. ನಳಿಗೆಗಳನ್ನು ಬೇರ್ಪಡಿಸಿದ ಮೇಲೆ ಕೆಳಗಿನ ಕೊಕ್ಕೆಯಲ್ಲಿ ನೇತುಹಾಕಿ ಬೆರಳ ಗೆಣ್ಣಿನಿಂದ ತಟ್ಟಿ. ಗಂಟೆಯ ಹಾಗೆ ದನಿ ಬಂದರೆ ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಗಟ್ಟಿಯಾಗಿದೆ. ಒಡಕು ಸದ್ದು ಬಂದರೆ ಎಲ್ಲೋ ಬಿಟ್ಟಿದೆ. ಬಿಟ್ಟಿದ್ದರೆ ಕುದಿಸಬೇಡಿ, ಪಟ್ಟಿಯ ಒಳಗೆ ನೀರು ಸೇರಿಕೊಂಡು ಅಲ್ಲೇ ತಿನ್ನಲು ಶುರುಮಾಡುತ್ತದೆ. ಬೆಸುಗೆ ಕರಗುತ್ತದೆ ಅನ್ನುವ ಭಯ ಬೇಡ. ಸೀಸ ಮತ್ತು ತವರದ ಬೆಸುಗೆ ಕರಗಲು 180 ಡಿಗ್ರಿ ದಾಟಬೇಕು, ನೀರು 100ಕ್ಕೇ ನಿಲ್ಲುತ್ತದೆ.

ಎಣ್ಣೆಯನ್ನೆಲ್ಲ ಸೋಪು ನೀರಿನಲ್ಲಿ, ಆಮೇಲೆ ಅಸಿಟೋನಿನಲ್ಲಿ ತೊಳೆಯಿರಿ. ಇನ್ನು ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ. ನಳಿಗೆ ಪೂರ್ತಿ ಮುಳುಗುವಷ್ಟು ಉದ್ದದ ತೊಟ್ಟಿ ಬೇಕು. ನೀರು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಿರಲಿ. ನಲ್ಲಿ ನೀರಿನ ಉಪ್ಪು, ಸುಣ್ಣ ಕಲೆ ಬಿಡುತ್ತವೆ. ಚೆನ್ನಾಗಿ ಮರಳುವ ನೀರಿನಲ್ಲಿ ಅರ್ಧ ಗಂಟೆ ಇಡಿ.

ಹೊರಗೆ ತೆಗೆದಾಗ ಇಟ್ಟಿಗೆ ಬಣ್ಣದ ನಳಿಗೆ ಕಾಡಿಗೆ ಬಣ್ಣಕ್ಕೆ ತಿರುಗಿರುತ್ತದೆ. ಎಷ್ಟು ಸಲ ನೋಡಿದ್ದರೂ ಆ ಗಳಿಗೆಗೆ ನಾನು ಇವತ್ತಿಗೂ ಕಾಯುತ್ತೇನೆ. ಬಿಸಿಗೆ ನೀರು ತಾನೇ ಆರಿಹೋಗುತ್ತದೆ. ಮೇಲೆ ಮಖಮಲ್ಲಿನಂಥ ಕಪ್ಪು ಪುಡಿ ಕೂತಿರುತ್ತದೆ. ಅದನ್ನು ನಾಲ್ಕು ಸೊನ್ನೆಯ ಸ್ಟೀಲ್ ವೂಲ್‌ನಿಂದ ಹಗುರವಾಗಿ ಸವರಿ ತೆಗೆಯಿರಿ. ಸ್ಟೀಲ್ ವೂಲ್‌ಗೂ ಕಾರ್ಖಾನೆಯಲ್ಲೇ ಎಣ್ಣೆ ಹಚ್ಚಿರುತ್ತಾರೆ, ಅದನ್ನೂ ಮೊದಲು ಅಸಿಟೋನಿನಲ್ಲಿ ತೊಳೆದಿಡಿ. ಪುಡಿ ಹೋದ ಮೇಲೆ ಕೆಳಗೆ ಗಟ್ಟಿ ಕಪ್ಪು ಕಾಣುತ್ತದೆ, ಅಲ್ಲಲ್ಲಿ ಕೆಂಪು ಚುಕ್ಕೆ ಉಳಿದಿರುತ್ತದೆ. ಮತ್ತೆ ಕುದಿಸಿ, ಮತ್ತೆ ಸವರಿ. ಮೂರು, ನಾಲ್ಕು ಸುತ್ತು ಬೇಕಾಗಬಹುದು. ಕೆಂಪು ಪೂರ್ತಿ ಹೋದ ಮೇಲೆ, ನಳಿಗೆ ಬಿಸಿ ಇರುವಾಗಲೇ ಒಳಗೂ ಹೊರಗೂ ಧಾರಾಳವಾಗಿ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಿ. ಗುಳಿಗಳು ಗುಳಿಗಳಾಗಿಯೇ ಇರುತ್ತವೆ, ಆದರೆ ಕಪ್ಪಾಗಿ ಸುಮ್ಮನಾಗಿರುತ್ತವೆ. ಹೆಸರು, ಮುದ್ರೆ, ಕೆತ್ತನೆ ಎಲ್ಲ ಇದ್ದ ಹಾಗೇ ಇರುತ್ತವೆ.

ವಿನಿಗರ್, ಆಸಿಡ್, ತುಕ್ಕು ಕರಗಿಸುವ ದ್ರಾವಣ ಅಂತ ಬಹಳ ಜನ ಹೇಳುತ್ತಾರೆ. ಅವು ಕೆಂಪನ್ನು ತೆಗೆಯುವಾಗ ಕಪ್ಪನ್ನೂ ತಿನ್ನುತ್ತವೆ. ವಾಷಿಂಗ್ ಸೋಡಾ ನೀರಿನಲ್ಲಿ ಕರೆಂಟು ಹಾಯಿಸುವ ವಿಧಾನ ತೀರಾ ಕೆಟ್ಟ ಭಾಗಗಳಿಗೆ ಒಳ್ಳೆಯದು. ಆದರೆ ಸ್ಪ್ರಿಂಗುಗಳಿಗೆ ಬೇಡ, ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಸೇರಿ ಅದು ಪಟ್ ಅಂತ ಮುರಿಯಬಹುದು. ಕರೆಂಟಿನ ಇನ್ನೊಂದು ತಂತಿಗೆ ಕಟ್ಟಿ ನೀರಿಗೆ ಇಳಿಸುವ ಲೋಹದ ತುಂಡಿಗೆ ಸ್ಟೇನ್‌ಲೆಸ್ ಸ್ಟೀಲ್ ಯಾವತ್ತೂ ಬೇಡ, ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಈಗಿನ ಬಿಸಿ ಕಾಸ್ಟಿಕ್ ಬ್ಲೂಯಿಂಗ್‌ಗೆ, ಅಂದರೆ ಬಿಸಿ ಲವಣದ ದ್ರಾವಣದಲ್ಲಿ ಅದ್ದಿ ಕಪ್ಪು ಬಣ್ಣ ಕಟ್ಟುವ ವಿಧಾನಕ್ಕೆ, ಜೋಡುನಳಿಗೆಯನ್ನು ಕೊಡಲೇಬೇಡಿ. ಆ ಲವಣಗಳು ಬೆಸುಗೆಯನ್ನೇ ತಿಂದುಹಾಕುತ್ತವೆ.

ಮರದ ಹಿಡಿಯನ್ನು ಸಾಧ್ಯವಾದಷ್ಟು ಕಡಿಮೆ ಮುಟ್ಟಿ. ಕೊಳೆ ಒರೆಸಿ, ತಗ್ಗು ಬಿದ್ದ ಕಡೆ ಒದ್ದೆ ಬಟ್ಟೆ ಇಟ್ಟು ಮೇಲೆ ಬಿಸಿ ಇಸ್ತ್ರಿ ಒತ್ತಿದರೆ ಆವಿಗೆ ಮರ ಉಬ್ಬಿ ಮೇಲೇಳುತ್ತದೆ. ಆಮೇಲೆ ಅಗಸೆ ಎಣ್ಣೆಯನ್ನು ತೆಳ್ಳಗೆ, ಅಂಗೈಯಿಂದ ತಿಕ್ಕಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾಗಿದ್ದರೆ ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಇಷ್ಟೆಲ್ಲ ಆದ ಮೇಲೆ ಒಮ್ಮೆ ಹೊಡೆದು ನೋಡೋಣ ಅನಿಸುತ್ತದೆ. ದಯವಿಟ್ಟು ಬೇಡ. ಹೊರಗಿನ ಗುಳಿ ಕಣ್ಣಿಗೆ ಕಾಣುತ್ತದೆ, ತೋಟಾ ಕೂರುವ ಜಾಗದ ಗುಳಿ ಕಾಣುವುದಿಲ್ಲ. ಒತ್ತಡ ಅತಿ ಹೆಚ್ಚು ಬೀಳುವುದು ಅಲ್ಲೇ. ಕಪ್ಪಾದ ಮೇಲೆ ನಳಿಗೆಯ ಮೈಮೇಲೆ ಸುರುಳಿ ಸುರುಳಿ ಚಿತ್ತಾರ ಕಂಡರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬಡಿದು ಮಾಡಿದ ಡಮಾಸ್ಕಸ್ ನಳಿಗೆ. ನೋಡಲು ತುಂಬಾ ಚೆಂದ. ಆದರೆ ಅಂಥ ನಳಿಗೆಗಳು ಹೆಚ್ಚಾಗಿ ಕರಿಮದ್ದಿಗೆ ಮಾಡಿದವು. ಈಗಿನ ಬಗೆಯ ಹೊಗೆಯಿಲ್ಲದ ಮದ್ದು ಬಂದದ್ದು 1884ರಲ್ಲಿ, ಫ್ರಾನ್ಸಿನ ಪಾಲ್ ವಿಯೇಯ್ ಅದನ್ನು ಮಾಡಿದ ಮೇಲೆ. ಈಗಿನ ತೋಟಾಗಳಲ್ಲಿರುವುದು ಆ ಜಾತಿಯ ಮದ್ದು, ಹಾಗಾಗಿ ಅವು ಇಂಥ ನಳಿಗೆಗೆ ಹೊಂದುವುದಿಲ್ಲ. ಲಂಡನ್ನಿನಲ್ಲಿ 1637ರಿಂದ, ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿನಲ್ಲಿ 1813ರಿಂದ ಕೋವಿ ಮಾಡುವವರ ಸಂಸ್ಥೆಗಳು ಪ್ರತಿ ನಳಿಗೆಗೆ ಜಾಸ್ತಿ ಮದ್ದು ಹಾಕಿ ಸಿಡಿಸಿ, ತಡೆದುಕೊಂಡದ್ದಕ್ಕೆ ಮುದ್ರೆ ಒತ್ತುತ್ತಿದ್ದವು. ಆದರೆ ಆ ಮುದ್ರೆ ಹೇಳುವುದು ಅವತ್ತಿನ ನಳಿಗೆಯ ಬಗ್ಗೆ. ಆಮೇಲೆ ತುಕ್ಕು ಎಷ್ಟು ತಿಂದಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ನಳಿಗೆಯ ಗೋಡೆಯ ದಪ್ಪ ಅಳೆದು ಹೇಳಬಲ್ಲವರು ಆಗಬಹುದು ಅನ್ನುವ ತನಕ ಅದು ನೋಡುವ ಕೋವಿ, ಅಷ್ಟೇ.

ಇಡುವಾಗ ಚರ್ಮದ ಚೀಲ ಬೇಡ. ಚರ್ಮ ತೇವ ಹಿಡಿಯುತ್ತದೆ, ಒಳಗೆ ಮತ್ತೆ ತುಕ್ಕು ಏಳುತ್ತದೆ. ಗಾಳಿಯಾಡುವ ಒಣ ಜಾಗ ಇರಲಿ. ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣ ತೆಳ್ಳಗೆ ಹಚ್ಚಿ, ಆರಿದ ಮೇಲೆ ಒರೆಸಿ. ರೆನೈಸಾನ್ಸ್ ವ್ಯಾಕ್ಸ್ ಅಂತ ಸಿಗುತ್ತದೆ. ಬ್ರಿಟಿಷ್ ಮ್ಯೂಸಿಯಂನವರು ತಮ್ಮ ವಸ್ತುಗಳಿಗಾಗಿ 1950ರ ದಶಕದಲ್ಲಿ ಮಾಡಿಕೊಂಡದ್ದು ಅದು. ಬರಿಗೈಯಲ್ಲಿ ಮುಟ್ಟಿದಾಗಲೆಲ್ಲ ಒರೆಸಿಡಿ, ಬೆವರಿನ ಉಪ್ಪಿಗೆ ಒಂದು ರಾತ್ರಿ ಸಾಕು.

ನಳಿಗೆ ಬೇರ್ಪಟ್ಟ ದಿನ ಅದರ ಕೆಳಗಿನ ಚಪ್ಪಟೆ ಭಾಗವನ್ನು ನೋಡಿ. ಮುದ್ರೆಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಮುಚ್ಚಿಕೊಂಡಿರುವ ಜಾಗವಾದ್ದರಿಂದ ತುಕ್ಕೂ ಕಡಿಮೆ. ಕಿರೀಟವೋ, ಅಕ್ಷರವೋ, ಏನು ಕಂಡರೂ ಫೋಟೋ ತೆಗೆದು ಇಲ್ಲಿ ಹಾಕಿ. ಎಲ್ಲಿಯದು, ಯಾವ ಕಾಲದ್ದು ಅಂತ ಕೂತು ಹುಡುಕೋಣ.