ಗುರುತ್ವಕ್ಕೆ ಗಡಿಯುಂಟೆ?

ಪ್ರಶ್ನೆ: ಪ್ಲಸ್ ಟು ಓದುತ್ತಿರುವ ನನ್ನ ಮಗಳು, ಗುರುತ್ವಾಕರ್ಷಣೆಗೆ ಕೊನೆಯೇ ಇಲ್ಲ, ಅದು ಅನಂತ ದೂರದವರೆಗೂ ಇರುತ್ತದೆ ಎನ್ನುತ್ತಾಳೆ. ಎಲ್ಲೋ ಒಂದು ಕಡೆ ಅದು ನಿಲ್ಲಲೇಬೇಕೆಂದು ನನ್ನ ವಾದ. ನಿಲ್ಲುವುದಿಲ್ಲವೆಂದಾದರೆ ನಕ್ಷತ್ರಗಳೆಲ್ಲ ಪರಸ್ಪರ ಎಳೆದುಕೊಂಡು ಎಂದೋ ಒಂದೇ ರಾಶಿಯಾಗಬೇಕಿತ್ತಲ್ಲವೆ? ಅಲ್ಲದೆ ಈ ವಿಶ್ವ ಆರಂಭವಾದದ್ದಾದರೂ ಎಲ್ಲಿ, ಹೇಗೆ?
– ಅಡಿಕೆ ಕೃಷಿಕರೊಬ್ಬರು, ಬದಿಯಡ್ಕ

ಉತ್ತರ: ಸೂತ್ರದ ಮಟ್ಟಿಗೆ ಮಗಳ ಮಾತೇ ಸರಿ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮದಂತೆ ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೇ ಒಂದು ಪಾಲಾಗುತ್ತದೆ, ಹತ್ತು ಪಟ್ಟಾದರೆ ನೂರನೇ ಒಂದು ಪಾಲು. ಎಷ್ಟು ಭಾಗಿಸುತ್ತ ಹೋದರೂ ಸೊನ್ನೆ ಮಾತ್ರ ಬರುವುದಿಲ್ಲ. ನಿಮ್ಮ ತೋಟದಲ್ಲಿ ಗೊನೆಯಿಂದ ಕಳಚಿದ ಹಣ್ಣಡಿಕೆ ಮೊದಲ ಒಂದು ಸೆಕೆಂಡಿನಲ್ಲಿ ಸುಮಾರು 4.9 ಮೀಟರ್ ಬೀಳುತ್ತದೆ. ಭೂಮಿಯ ಕೇಂದ್ರದಿಂದ ಆ ಅಡಿಕೆಗಿರುವ ದೂರದ 60 ಪಟ್ಟು ಆಚೆಗಿರುವ ಚಂದ್ರನೂ ಬೀಳುತ್ತಲೇ ಇದ್ದಾನೆ. ಆದರೆ ಅದೇ ಒಂದು ಸೆಕೆಂಡಿನಲ್ಲಿ ಅವನು ತನ್ನ ನೇರ ದಾರಿಯನ್ನು ಬಿಟ್ಟು ಭೂಮಿಯ ಕಡೆಗೆ ಬಾಗುವುದು 1.4 ಮಿಲಿಮೀಟರಿಗಿಂತ ತುಸು ಕಡಿಮೆ. 4.9 ಮೀಟರನ್ನು 60ರ ವರ್ಗವಾದ 3600ರಿಂದ ಭಾಗಿಸಿ ನೋಡಿ, ಇಷ್ಟೇ ಬರುತ್ತದೆ.

ಸೆಳೆತ ಇದೆಯೆಂದ ಮಾತ್ರಕ್ಕೆ ಅದರ ಪರಿಣಾಮ ಕಣ್ಣಿಗೆ ಕಾಣಬೇಕೆಂದಿಲ್ಲ. ಭೂಮಿಯ ಮೇಲೆ ಸೂರ್ಯನ ಸೆಳೆತ ಚಂದ್ರನದ್ದಕ್ಕಿಂತ ಸುಮಾರು 180 ಪಟ್ಟು ಹೆಚ್ಚು. ಆದರೂ ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ನೀರು ಏರಿಳಿಯುವುದಕ್ಕೆ ಮುಖ್ಯ ಕಾರಣ ಚಂದ್ರನೇ; ಸೂರ್ಯನ ಪಾಲು ಅದರ ಅರ್ಧಕ್ಕಿಂತಲೂ ಕಡಿಮೆ. ಏಕೆಂದರೆ ಉಬ್ಬರವನ್ನು ಉಂಟುಮಾಡುವುದು ಸೆಳೆತವಲ್ಲ, ಭೂಮಿಯ ಈ ಬದಿಗೂ ಆ ಬದಿಗೂ ಸೆಳೆತದಲ್ಲಿರುವ ವ್ಯತ್ಯಾಸ, ಮತ್ತು ಆ ವ್ಯತ್ಯಾಸವು ದೂರದ ಘನಕ್ಕೆ ತಕ್ಕಂತೆ ಇನ್ನೂ ಬೇಗ ಕುಗ್ಗುತ್ತದೆ.

ನಿಮ್ಮ ಎರಡನೇ ಪ್ರಶ್ನೆ ಹಳೆಯದು, ಮತ್ತು ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಅತ್ಯುತ್ತಮವಾದದ್ದು. ರಿಚರ್ಡ್ ಬೆಂಟ್ಲಿ ಎಂಬ ಪಾದ್ರಿಯವರು 1692ರಲ್ಲಿ ನ್ಯೂಟನ್‌ರೊಂದಿಗೆ ಪತ್ರದ ಮೂಲಕ ಚರ್ಚಿಸಿದ್ದು ಇದನ್ನೇ. ಅನಂತವಾದ ಆಕಾಶದಲ್ಲಿ ದ್ರವ್ಯ ಸಮನಾಗಿ ಹರಡಿದ್ದರೆ ಎಲ್ಲ ದಿಕ್ಕಿನ ಸೆಳೆತಗಳೂ ಪರಸ್ಪರ ಸರಿದೂಗುವುದರಿಂದ ಒಂದೇ ರಾಶಿಯಾಗಲಾರದೆಂದು ನ್ಯೂಟನ್ ಉತ್ತರಿಸಿದರು. ಆದರೆ ಅಂಥ ಸಮತೋಲ, ಲೆಕ್ಕವಿಲ್ಲದಷ್ಟು ಸೂಜಿಗಳನ್ನು ಮೊನೆಯ ಮೇಲೆ ನಿಲ್ಲಿಸಿದಷ್ಟೇ ಕಷ್ಟವೆಂದು ಅವರೇ ಒಪ್ಪಿದರು. ವಿಶ್ವ ನಿಂತಲ್ಲೇ ನಿಂತಿದೆ ಎಂಬ ನಂಬಿಕೆಯಲ್ಲೇ ತಪ್ಪಿದೆಯೆಂದು ಆಗ ಯಾರಿಗೂ ಹೊಳೆಯಲಿಲ್ಲ. ಐನ್‌ಸ್ಟೈನ್ ಕೂಡ 1917ರಲ್ಲಿ ವಿಶ್ವವನ್ನು ಕುಸಿಯದಂತೆ ನಿಲ್ಲಿಸಲು ತಮ್ಮ ಸಮೀಕರಣಕ್ಕೆ ಒಂದು ಹೆಚ್ಚುವರಿ ಪದವನ್ನು ಸೇರಿಸಬೇಕಾಯಿತು. 1927ರಲ್ಲಿ ಬೆಲ್ಜಿಯಮ್ಮಿನ ವಿಜ್ಞಾನಿ ಲೆಮೈತ್ರ್ ಮಾಡಿದ ಲೆಕ್ಕ ಮತ್ತು 1929ರಲ್ಲಿ ಅಮೆರಿಕದ ಖಗೋಳಜ್ಞ ಹಬಲ್ ಪ್ರಕಟಿಸಿದ ಅಳತೆಗಳ ಬಳಿಕವೇ ವಿಶ್ವ ಹಿಗ್ಗುತ್ತಿದೆಯೆಂಬುದು ಸ್ಪಷ್ಟವಾದದ್ದು. ಮೇಲಕ್ಕೆಸೆದ ಕಲ್ಲನ್ನು ಭೂಮಿ ಎಳೆಯುತ್ತಲೇ ಇದ್ದರೂ ಅದು ಸ್ವಲ್ಪ ಹೊತ್ತು ಏರುತ್ತದಲ್ಲವೆ? ಸೆಳೆತವಿದ್ದೂ ವಿಶ್ವ ಕುಸಿಯದಿರುವುದು ಸರಿಸುಮಾರು ಹಾಗೆ. ಹತ್ತಿರದಲ್ಲಿ ಗುರುತ್ವವೇ ಗೆಲ್ಲುತ್ತದೆ: 25 ಲಕ್ಷ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವೇ ಒಂದು ಜ್ಯೋತಿರ್ವರ್ಷ) ದೂರದ ಆಂಡ್ರೊಮಿಡಾ ಗ್ಯಾಲಕ್ಸಿ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮತ್ತಲೇ ಬರುತ್ತಿದೆ.

ಹಿಗ್ಗುವುದನ್ನು ಹಿಮ್ಮುಖವಾಗಿ ಲೆಕ್ಕ ಹಾಕಿದರೆ ಸುಮಾರು 1380 ಕೋಟಿ ವರ್ಷಗಳ ಹಿಂದೆ ಎಲ್ಲವೂ ಅತಿ ಸಾಂದ್ರವಾಗಿ, ಅತಿ ಬಿಸಿಯಾಗಿದ್ದ ಸ್ಥಿತಿಗೆ ಬರುತ್ತೇವೆ. ಇದನ್ನು ನಾವು ಮಹಾಸ್ಫೋಟವೆಂದು ಕರೆಯುವುದರಿಂದ ಗರ್ನಾಲು ಸಿಡಿದಂತೆ ಖಾಲಿ ಜಾಗದ ನಡುವೆ ಏನೋ ಸಿಡಿದಿರಬೇಕೆಂಬ ಭಾವನೆ ಬರುತ್ತದೆ. ಇಂಗ್ಲಿಷಿನಲ್ಲಿ ಈ ಹೆಸರನ್ನು 1949ರ ರೇಡಿಯೊ ಭಾಷಣವೊಂದರಲ್ಲಿ ಇಟ್ಟವರು ಆ ಸಿದ್ಧಾಂತವನ್ನೇ ಒಪ್ಪದಿದ್ದ ಫ್ರೆಡ್ ಹಾಯ್ಲ್. ಕನ್ನಡದ ಹೆಸರಾದರೂ ಬೇರೆಯಾಗಿದ್ದರೆ ಚೆನ್ನಾಗಿತ್ತು. ಸಿಡಿದ ವಸ್ತು ಜಾಗದೊಳಗೆ ಹರಡಿದ್ದಲ್ಲ, ಜಾಗವೇ ಹಿಗ್ಗಿದ್ದು. ಹಾಗಾಗಿ ಎಲ್ಲಿ ಎಂದರೆ ಎಲ್ಲೆಡೆಯೂ. ನಿಮ್ಮ ಬದಿಯಡ್ಕದಲ್ಲೂ ಎಂದರೆ ತಪ್ಪಲ್ಲ. ಆ ಬಿಸಿಯ ಕುರುಹು ಇಂದಿಗೂ ಉಳಿದಿದೆ. ಆರಂಭದ ಸುಮಾರು 3,80,000 ವರ್ಷಗಳ ಬಳಿಕ ಹೊರಟ ಬೆಳಕು ಈಗ ತಣಿದು, ಉಷ್ಣತೆಯ ಕಟ್ಟಕಡೆಯ ಕೆಳಮಿತಿಯಾದ ಶೂನ್ಯ ಕೆಲ್ವಿನ್‌ಗಿಂತ 2.7 ಡಿಗ್ರಿಯಷ್ಟೇ ಮೇಲಿರುವ ಮೈಕ್ರೋವೇವ್ ವಿಕಿರಣವಾಗಿ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ. ಅಮೆರಿಕದ ವಿಜ್ಞಾನಿಗಳಾದ ಪೆಂಜಿಯಸ್ ಮತ್ತು ವಿಲ್ಸನ್ 1964ರಲ್ಲಿ ಅದನ್ನು ಮೊದಲು ಗುರುತಿಸಿದಾಗ ಆಂಟೆನಾದೊಳಗಿನ ಪಾರಿವಾಳದ ಹಿಕ್ಕೆಯನ್ನು ಸಂಶಯಿಸಿ ತೊಳೆದು ನೋಡಿದ್ದರು. ಮನೆಯ ಮಾಡಿನ ಮೇಲೆ ಆಂಟೆನಾ ತಿರುಗಿಸಿ ಟಿ.ವಿ. ನೋಡುತ್ತಿದ್ದ ಕಾಲದಲ್ಲಿ ನಿಲಯ ಸಿಗದಾಗ ಪರದೆಯ ಮೇಲೆ ಮಿಣುಕುತ್ತಿದ್ದ ಚುಕ್ಕಿಗಳಲ್ಲಿ ಶೇಕಡಾ ಒಂದರಷ್ಟು ಈ ವಿಕಿರಣದ್ದೇ ಆಗಿತ್ತು.

ಇಲ್ಲಿಂದ ನಿಮ್ಮ ವಾದಕ್ಕೂ ಬಲ ಬರುತ್ತದೆ. ಗುರುತ್ವದ ಪ್ರಭಾವ ತತ್‌ಕ್ಷಣ ತಲುಪುವಂಥದ್ದಲ್ಲ, ಅದೂ ಬೆಳಕಿನ ವೇಗದಲ್ಲೇ ಸಾಗಬೇಕು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ನಕ್ಷತ್ರಗಳ ಅತಿ ಸಾಂದ್ರವಾದ ತಿರುಳು) ಡಿಕ್ಕಿಯಾದಾಗ ಹೊರಟ ಗುರುತ್ವ ತರಂಗ, ಅಂದರೆ ಜಾಗದಲ್ಲೇ ಏಳುವ ಅಲೆ, ಮತ್ತು ಗಾಮಾ ಕಿರಣಗಳು 2017ರ ಆಗಸ್ಟ್ 17ರಂದು ಎರಡು ಸೆಕೆಂಡೂ ತುಂಬದ ಅಂತರದಲ್ಲಿ ನಮ್ಮನ್ನು ತಲುಪಿದವು. ವಿಶ್ವಕ್ಕೆ ಒಂದು ವಯಸ್ಸಿರುವುದರಿಂದ ಆ ಅವಧಿಯಲ್ಲಿ ಬೆಳಕು ಕ್ರಮಿಸಲಾಗದಷ್ಟು ದೂರದ ದ್ರವ್ಯದ ಸೆಳೆತ ನಮ್ಮನ್ನಿನ್ನೂ ಮುಟ್ಟಿಲ್ಲ. ಜಾಗ ಹಿಗ್ಗಿರುವುದರಿಂದ ಆ ಎಲ್ಲೆ ಇಂದು ಸುಮಾರು 4600 ಕೋಟಿ ಜ್ಯೋತಿರ್ವರ್ಷ ದೂರಕ್ಕೆ ಹೋಗಿದೆ. ವಿಶ್ವದ ಹಿಗ್ಗುವಿಕೆ ಚುರುಕಾಗುತ್ತಿದೆಯೆಂದು 1998ರಲ್ಲಿ ತಿಳಿದ ಮೇಲೆ ಇನ್ನೊಂದು ಎಲ್ಲೆಯೂ ಕಾಣಿಸಿತು. ಅದರ ಪ್ರಕಾರ ಇಂದು ಸುಮಾರು 1700 ಕೋಟಿ ಜ್ಯೋತಿರ್ವರ್ಷಕ್ಕಿಂತ ಆಚೆಗಿರುವ ಗ್ಯಾಲಕ್ಸಿಯಿಂದ ಈ ಕ್ಷಣ ಹೊರಡುವ ಬೆಳಕಾಗಲಿ, ಅಲ್ಲಿ ಈಗ ನಡೆಯುವ ಘಟನೆಯ ಗುರುತ್ವ ತರಂಗವಾಗಲಿ ಎಷ್ಟು ಕಾಲ ಕಾದರೂ ಇಲ್ಲಿಗೆ ಬಂದು ಮುಟ್ಟದು.