ಮರಳೊಳಗೆ ಮಾಯವಾಗುವ ಮೀನು

ಪ್ರಶ್ನೆ: ನಮ್ಮ ಮನೆಯಲ್ಲಿ ಆರು ತಿಂಗಳಿಂದ ನಾಲ್ಕು ಅಡಿ ಉದ್ದದ ಉಪ್ಪುನೀರಿನ ಅಕ್ವೇರಿಯಂ ಇದೆ. ಅದರಲ್ಲಿದ್ದ ಎರಡು ಕ್ಲೌನ್ ಮೀನು ಮತ್ತು ಒಂದು ಯೆಲ್ಲೋ ಟ್ಯಾಂಗ್ ಜೊತೆಗೆ, ಇಂಡೊನೇಷ್ಯಾದಿಂದ ಬಂದದ್ದೆಂದು ಬೆಂಗಳೂರಿನ ಅಂಗಡಿಯವರು ಹೇಳಿ ಕೊಟ್ಟ ಹಳದಿ ರ‍್ಯಾಸ್ ಮೀನೊಂದನ್ನು ಹೋದ ವಾರ ತಂದು ಬಿಟ್ಟೆವು. ಬಿಟ್ಟ ಕೂಡಲೇ ಅದು ಮರಳಿನೊಳಗೆ ಹೊಕ್ಕು ಎರಡು ದಿನ ಕಾಣಲೇ ಇಲ್ಲ. ಈಗ ಬೆಳಿಗ್ಗೆ ಹೊರಬಂದರೂ ಸಂಜೆ ನಾಲ್ಕಕ್ಕೆಲ್ಲ, ದೀಪ ಉರಿಯುತ್ತಿರುವಾಗಲೇ, ಮತ್ತೆ ಮಾಯವಾಗುತ್ತದೆ. ರಾತ್ರಿ ಕ್ಲೌನ್ ಮೀನು ಮೇಲ್ಭಾಗದ ಮೂಲೆಯಲ್ಲಿ ಒಂದು ಪಕ್ಕಕ್ಕೆ ವಾಲಿಕೊಂಡಿರುತ್ತದೆ; ಟ್ಯಾಂಗ್‌ನ ಹಳದಿ ಮಂಕಾಗಿ ಮೈಮೇಲೆ ಬಿಳಿ ಪಟ್ಟೆ ಮೂಡುತ್ತದೆ. ‘ಸತ್ತುಹೋಗಿವೆ, ನಾರುವ ಮೊದಲು ತೆಗೆದುಹಾಕಿ’ ಎನ್ನುತ್ತಾರೆ ನಮ್ಮ ಅತ್ತೆ. ಔಷಧಿ ಹಾಕಬೇಕೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಹಾಕಬೇಡಿ. ನೀವು ಬರೆದ ಮೂರೂ ಸಂಗತಿಗಳು ಆ ಮೀನುಗಳ ನಿದ್ರೆಯ ಬಗೆಗಳೇ ಹೊರತು ಕಾಯಿಲೆಯಲ್ಲ. ಉಪ್ಪುನೀರಿನ ಮೀನುಗಳಿಗೆಂದು ಮಾರುವ ಔಷಧಿಗಳಲ್ಲಿ ಹಲವು ತಾಮ್ರದವು. ಅವು ತೊಟ್ಟಿಯಲ್ಲಿರುವ ಹವಳ, ಸಿಗಡಿ, ಬಸವನಹುಳುಗಳನ್ನು ಮೊದಲು ಕೊಲ್ಲುತ್ತವೆ.

ಹಳದಿ ರ‍್ಯಾಸ್ ಹವಳದ ದಿಬ್ಬಗಳ ಅಂಚಿನ ಮರಳಿನಲ್ಲಿ ಬದುಕುವ ಮೀನು. ರಾತ್ರಿ ಬೇಟೆಗೆ ಬರುವವರ ಕಣ್ಣು ತಪ್ಪಿಸಲು ಅದಕ್ಕಿರುವ ಮನೆ ಆ ಮರಳೇ. ಗಾಬರಿಯಾದಾಗಲೂ ಅಲ್ಲಿಗೇ ಓಡುತ್ತದೆ. ಆದ್ದರಿಂದ ದೂರದ ಪ್ರಯಾಣ ಮಾಡಿ ಬಂದ ಮೀನು ಹೊಸ ತೊಟ್ಟಿಯಲ್ಲಿ ಎರಡು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಹೂತುಕೊಂಡೇ ಇರುವುದುಂಟು. ಇನ್ನು ಸಂಜೆ ನಾಲ್ಕರ ಲೆಕ್ಕ. ಮೀನು ಬಾಲಿ ದ್ವೀಪದ ಸುತ್ತಲಿನ ಕಡಲಿನದೆಂದು ಇಟ್ಟುಕೊಳ್ಳಿ. ಅಲ್ಲಿಗೂ ದಾವಣಗೆರೆಗೂ ಸೂರ್ಯನ ಲೆಕ್ಕದಲ್ಲಿ ಸುಮಾರು ಎರಡೂವರೆ ಗಂಟೆಯ ಅಂತರವಿದೆ. ನಮಗೆ ಸಂಜೆ ನಾಲ್ಕಾದಾಗ ಅಲ್ಲಿ ಹೊತ್ತು ಮುಳುಗಿರುತ್ತದೆ. ನಿಮ್ಮ ರ‍್ಯಾಸ್ ಇನ್ನೂ ತನ್ನ ಊರಿನ ಹೊತ್ತಿಗೇ ಮಲಗುತ್ತಿದೆ. ದೀಪವನ್ನು ದಿನವೂ ಒಂದೇ ಸಮಯಕ್ಕೆ ಹಾಕಿ ಆರಿಸುತ್ತಿದ್ದರೆ ಕೆಲವು ವಾರಗಳಲ್ಲಿ ನಿಮ್ಮ ಗಡಿಯಾರಕ್ಕೆ ಹೊಂದಿಕೊಳ್ಳುತ್ತದೆ.

ಅದು ಮಲಗಲು ಹೋಗುವುದನ್ನು ಒಮ್ಮೆ ಕುಳಿತು ನೋಡಿ. ಮೊದಲು ಒಂದೇ ಜಾಗದ ಮೇಲೆ ಎರಡು ಮೂರು ಸುತ್ತು ಹೊಡೆಯುತ್ತದೆ, ಆಮೇಲೆ ಪಕ್ಕಕ್ಕೆ ವಾಲಿ ತಲೆಯನ್ನು ಮುಂದಿಟ್ಟು ಮರಳಿಗೆ ಹಾರುತ್ತದೆ, ಬಾಲ ಒಂದೆರಡು ಸಲ ಬಡಿದಾಗ ಮರಳಿನ ಸಣ್ಣ ಮೋಡವೆದ್ದು ಇಳಿಯುತ್ತದೆ, ಅಷ್ಟರಲ್ಲಿ ಮೀನೂ ಇಲ್ಲ, ಅದು ಹೋದ ಗುರುತೂ ಇಲ್ಲ. ಇದಕ್ಕೆ ಎರಡರಿಂದ ಮೂರು ಇಂಚು ದಪ್ಪದ ನಯವಾದ ಮರಳು ಬೇಕು. ಚೂಪು ಅಂಚಿನ ಹವಳದ ಜಲ್ಲಿ ಹಾಕಿದ್ದರೆ ಮೀನಿನ ಮೈ ತರಚಿ, ಆ ಗಾಯಕ್ಕೆ ಸೋಂಕು ತಗಲುತ್ತದೆ. ಹಾಗೆಯೇ, ಬದುಕಿದೆಯೋ ಇಲ್ಲವೋ ಎಂದು ಮರಳು ಕೆದಕಲು ಹೋಗಬೇಡಿ. ನಾನು ಮೊದಲ ವರ್ಷ ಚಮಚದಿಂದ ಕೆದಕಿದ್ದೆ. ಬೆದರಿದ ಮೀನು ತೊಟ್ಟಿಯಿಂದ ಹಾರಿ ಗೋಡೆಯ ಸಂದಿಗೆ ಬಿದ್ದದ್ದು ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ. ರ‍್ಯಾಸ್ ಸಾಕುವವರು ತೊಟ್ಟಿಯ ಮೇಲೆ ಜಾಲರಿ ಹಾಕಲೇಬೇಕು.

ಕ್ಲೌನ್ ಮೀನು ಕಡಲಿನಲ್ಲಿ ಆನಿಮನಿ ಎಂಬ ಕಡಲಜೀವಿಯ ಎಳೆಗಳ ನಡುವೆ ಮಲಗುತ್ತದೆ. ಅದಿಲ್ಲದ ತೊಟ್ಟಿಯಲ್ಲಿ ಒಂದು ಮೂಲೆಯನ್ನೇ ಹಾಸಿಗೆ ಮಾಡಿಕೊಂಡು ವಾಲುವುದು ತೀರಾ ಸಾಮಾನ್ಯ. ಯೆಲ್ಲೋ ಟ್ಯಾಂಗ್‌ನ ಹಳದಿ ರಾತ್ರಿ ಮಂಕಾಗಿ, ನಡುಮೈಯಲ್ಲಿ ಕಂದು ಮಚ್ಚೆಯೂ ಅದರ ಮೇಲೆ ಅಡ್ಡ ಬಿಳಿ ಪಟ್ಟೆಯೂ ಕಾಣುತ್ತವೆ. ದೀಪ ಹಾಕಿದ ಸ್ವಲ್ಪ ಹೊತ್ತಿಗೆ ನಿಂಬೆಹಣ್ಣಿನ ಬಣ್ಣ ಮರಳುತ್ತದೆ.

ಚಿಂತಿಸಬೇಕಾದದ್ದು ಯಾವಾಗ ಎಂದರೆ, ಮೀನು ಹಾಡಹಗಲಲ್ಲೇ ವಾಲಿಕೊಂಡು ಆಹಾರಕ್ಕೂ ಏಳದಿದ್ದಾಗ. ಮಲಗಿದ ಮೀನಿನ ಕಿವಿರು ಹಗಲಿಗಿಂತ ನಿಧಾನವಾಗಿ ಆಡುತ್ತದೆ. ರೋಗದ ಅಥವಾ ಉಸಿರುಕಟ್ಟಿದ ಮೀನಿನ ಕಿವಿರು ಬಿರುಸಾಗಿ ಬಡಿದುಕೊಳ್ಳುತ್ತದೆ. ಎಲ್ಲ ಮೀನುಗಳೂ ಒಟ್ಟಿಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಆಮ್ಲಜನಕದ ಕೊರತೆಯೆಂದೇ ಮೊದಲು ತಿಳಿಯಿರಿ. ಸಿಹಿನೀರಿಗಿಂತ ಉಪ್ಪುನೀರು, ತಂಪು ನೀರಿಗಿಂತ ಬೆಚ್ಚಗಿನ ನೀರು ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಸಾಲದ್ದಕ್ಕೆ ದೀಪ ಆರಿದ ಮೇಲೆ ಪಾಚಿಯೂ ಆಮ್ಲಜನಕವನ್ನು ಬಳಸತೊಡಗುತ್ತದೆ. ನಮ್ಮ ಕಡೆಯ ಏಪ್ರಿಲ್ ತಿಂಗಳಲ್ಲಿ ರಾತ್ರಿ ಕರೆಂಟು ಹೋಗಿ ಪಂಪು ನಿಂತರೆ ಇವೆಲ್ಲವೂ ಒಟ್ಟಿಗೇ ಒದಗುತ್ತವೆ. ಬ್ಯಾಟರಿಯಿಂದ ನಡೆಯುವ ಒಂದು ಏರ್ ಪಂಪನ್ನು ಮನೆಯಲ್ಲಿಟ್ಟುಕೊಳ್ಳಿ. ಔಷಧಿಗೆ ಕೊಡುವ ಹಣ ಅದಕ್ಕೆ ಸಲ್ಲಲಿ.

ಪ್ರಶ್ನೆ: ರಾತ್ರಿ ಟಾರ್ಚ್ ಹಾಕಿದಾಗ ನಮ್ಮ ಫೇರಿ ರ‍್ಯಾಸ್ ಕಲ್ಲಿನ ಸಂದಿಯಲ್ಲಿ ಪ್ಲಾಸ್ಟಿಕ್ ಚೀಲದಂಥ ಪೊರೆಯೊಳಗೆ ಮಲಗಿತ್ತು. ಇದು ಶಿಲೀಂಧ್ರವೇ?
– ಓದುಗರು, ಚಿತ್ರದುರ್ಗ

ಉತ್ತರ: ಅಲ್ಲ. ಫೇರಿ ರ‍್ಯಾಸ್ ಮರಳಿನಲ್ಲಿ ಹೂತುಕೊಳ್ಳುವುದಿಲ್ಲ. ಮಲಗುವ ಮುನ್ನ ತನ್ನ ಲೋಳೆಯಿಂದಲೇ ಪೊರೆ ಕಟ್ಟಿಕೊಳ್ಳುತ್ತದೆ. ಗಿಳಿಮೀನುಗಳಲ್ಲಿ ಕೂಡ ಹಲವು ಹೀಗೆ ಮಾಡುತ್ತವೆ. ಪೊರೆಯು ಮೀನಿನ ವಾಸನೆಯನ್ನು ಮರೆಮಾಚುತ್ತದೆ ಎಂಬುದು ಹಳೆಯ ಊಹೆ. 2011ರಲ್ಲಿ ಪ್ರಕಟವಾದ ಗಿಳಿಮೀನಿನ ಅಧ್ಯಯನವೊಂದರಲ್ಲಿ, ಪೊರೆ ತೆಗೆಯಲಾದ ಮೀನುಗಳ ಮೇಲೆ ರಕ್ತ ಹೀರುವ ನಥೀಡ್ ಎಂಬ ಪುಟ್ಟ ಪರೋಪಜೀವಿಗಳು ಹೆಚ್ಚಾಗಿ ಎರಗಿದವು. ಅಂದರೆ ಪೊರೆ ಹೆಚ್ಚುಕಡಿಮೆ ನಮ್ಮ ಸೊಳ್ಳೆಪರದೆಯ ಕೆಲಸವನ್ನೇ ಮಾಡುತ್ತದೆ. ಬೆಳಿಗ್ಗೆ ನೀರಿನಲ್ಲಿ ತೇಲುವ ಲೋಳೆಯ ತುಣುಕು ಕಂಡರೆ ಅದು ಕಳಚಿದ ಪರದೆ. ಫಿಲ್ಟರ್ ಅದನ್ನು ಎಳೆದುಕೊಳ್ಳುತ್ತದೆ.

ಪ್ರಶ್ನೆ: ಕಣ್ಣು ಮುಚ್ಚದ ಮೀನು ನಿಜವಾಗಿಯೂ ನಿದ್ರಿಸುತ್ತದೆಯೇ? ಬೆಡ್‌ಲೈಟ್ ಬೇಕೇ?
– ಓದುಗರು, ಹರಿಹರ

ಉತ್ತರ: ನಿದ್ರಿಸುತ್ತದೆ. ರೆಪ್ಪೆಯಿಲ್ಲದ್ದರಿಂದ ಕಣ್ಣು ಮುಚ್ಚುವುದಿಲ್ಲ, ಅಷ್ಟೆ. ರಾತ್ರಿಯಿಡೀ ಬೆಳಕು ಬೇಡ. ಆದರೆ ಕತ್ತಲಿನಲ್ಲಿ ಮಲಗಿದ ಮೀನಿನ ಮೇಲೆ ತೊಟ್ಟಿಯ ದೀಪವನ್ನು ಥಟ್ಟನೆ ಹಾಕಬೇಡಿ, ಬೆದರಿ ಗಾಜಿಗೆ ಬಡಿದುಕೊಳ್ಳುತ್ತದೆ. ಬೆಳಿಗ್ಗೆ ಮೊದಲು ಕೋಣೆಯ ದೀಪ ಹಾಕಿ, ಅರ್ಧ ಗಂಟೆ ಬಿಟ್ಟು ತೊಟ್ಟಿಯದನ್ನು ಹಾಕಿ. ರಾತ್ರಿ ತೊಟ್ಟಿಯದನ್ನು ಮೊದಲು ಆರಿಸಿ, ಕೋಣೆಯದನ್ನು ಆಮೇಲೆ.