ಮಂಡಿಯ ಗ್ರೀಸ್ ಖಾಲಿಯಾಗಿಲ್ಲ, ಸೀಟು ಕೆಳಗಿದೆ

ಜೂನ್ ಬಂತೆಂದರೆ ನನಗೆ ಒಂದೇ ಥರದ ಪ್ರಶ್ನೆಗಳು ಶುರುವಾಗುತ್ತವೆ. ಕೇಳುವವರ ಊರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಮಾತ್ರ ಅದೇ. ಸೈಕಲ್ ಹೊಡೆದು ಮಂಡಿ ನೋವು ಬಂದಿದೆ, ಯಾವ ಎಣ್ಣೆ ಹಚ್ಚಬೇಕು? ನಾನು ಫಿಸಿಯೋಥೆರಪಿಸ್ಟ್, ಎಣ್ಣೆ ಅಂಗಡಿ ಇಟ್ಟಿಲ್ಲ. ದಾವಣಗೆರೆ, ಚಿತ್ರದುರ್ಗದ ಕಡೆ ರೋಡ್ ಸೈಕಲ್ ಕೊಂಡವರು ಜಾಸ್ತಿಯಾಗಿದ್ದಾರೆ, ಸಂತೋಷ. ಆದರೆ ಒಬ್ಬರಿಗೆ ಹೇಳಿದ್ದನ್ನೇ ಇನ್ನೊಬ್ಬರಿಗೆ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಈ ಸಲ ಒಂದು ಪ್ರಶ್ನೆಗೆ ಉದ್ದ ಉತ್ತರ, ಉಳಿದವಕ್ಕೆ ಎರಡೆರಡು ಮಾತು. ನೀರು ಕುಡಿಯಿರಿ, ವಾರ್ಮ್ ಅಪ್ ಮಾಡಿ ಅನ್ನೋದನ್ನೆಲ್ಲ ಮತ್ತೆ ಬರೆಯುವುದಿಲ್ಲ.

ಪ್ರಶ್ನೆ: ಮೇಡಂ, ನನಗೆ 43 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ರೋಡ್ ಸೈಕಲ್ ತರಿಸಿದ್ದೇನೆ. ಭಾನುವಾರ ಕೊಂಡಜ್ಜಿ, ಹರಿಹರ ಅಂತ 30 ಕಿ.ಮೀ. ಹೊಡೆಯುತ್ತಿದ್ದೆ. 200 ಕಿ.ಮೀ. ಬ್ರೆವೆಗೆ (ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ಉದ್ದದ ಸವಾರಿ) ಹೆಸರು ಕೊಡುವ ಆಸೆ. ಅದಕ್ಕೇ ಜುಲೈನಲ್ಲಿ ಗೆಳೆಯರ ಜೊತೆ ಚಿತ್ರದುರ್ಗಕ್ಕೆ ಹೋಗಿ ಬಂದೆ. ಹೋಗುವಾಗ ಏನೂ ಇರಲಿಲ್ಲ. ಬರುವಾಗ ಭರಮಸಾಗರದ ಹತ್ತಿರ ಎರಡೂ ಮಂಡಿಯ ಮುಂದೆ ನೋವು ಶುರುವಾಯಿತು. ಈಗ ಮೆಟ್ಟಿಲು ಇಳಿಯುವಾಗಲೂ ನೋವಿದೆ. ಒಬ್ಬರು ಮಂಡಿಯ ಗ್ರೀಸ್ ಖಾಲಿಯಾಗಿದೆ ಅಂದರು. ಇನ್ನೊಬ್ಬರು ಚಿಪ್ಪು ಸರಿದಿದೆ ಅಂತ ಎಣ್ಣೆ ಹಚ್ಚಿ ನೀವಿ ಕೂರಿಸಿದರು. ಎಕ್ಸ್‌ರೇ ಸರಿಯಿದೆ. ಸೈಕಲ್ ಮಾರಿಬಿಡಲಾ? (ಸೀಟಿನ ಮೇಲೆ ಕೂತರೆ ಎರಡೂ ಕಾಲು ನೆಲಕ್ಕೆ ಸಿಗುವ ಹಾಗೆ ಇಟ್ಟಿದ್ದೇನೆ, ಟ್ರಾಫಿಕ್‌ನಲ್ಲಿ ಅದೇ ಸೇಫ್ ಅಲ್ವಾ?)

ಉತ್ತರ: ಮಾರಬೇಡಿ. ನಿಮ್ಮ ಕಾಯಿಲೆಯ ಮುಖ್ಯ ಸುದ್ದಿಯನ್ನು ನೀವು ಬ್ರಾಕೆಟ್ ಒಳಗೆ ಬಚ್ಚಿಟ್ಟಿದ್ದೀರಿ.

ಮೊದಲು ಗ್ರೀಸ್ ವಿಷಯ ಮುಗಿಸೋಣ. ಮಂಡಿಯ ಕೀಲಿನಲ್ಲಿ ಒಂದು ದ್ರವ ಇರುತ್ತದೆ, ಅದನ್ನು ಕೀಲಿನ ಒಳಪದರವೇ ದಿನವೂ ತಯಾರಿಸುತ್ತದೆ. ಸ್ಕೂಟರ್‌ನ ಎಂಜಿನ್ ಆಯಿಲ್ ಥರ ಅದು ಇಷ್ಟು ಕಿ.ಮೀ.ಗೆ ಮುಗಿಯುವುದಿಲ್ಲ. ಕೀಲು ಅಲುಗಾಡಿದರೇನೇ ಮೂಳೆಯ ತುದಿಯ ಮೆತ್ತನೆ ಪದರಕ್ಕೆ ಆ ದ್ರವದಿಂದ ಪೋಷಣೆ ಸಿಗೋದು. ಮಂಡಿ ಸವೆತ ಇರುವ ಹಿರಿಯರಿಗೆ, ಮಂಡಿ ಬದಲಿಸಿಕೊಂಡವರಿಗೆ ಕೂಡ ನಾವು ಇದ್ದಲ್ಲೇ ಇರುವ ವ್ಯಾಯಾಮದ ಸೈಕಲ್ ತುಳಿಯಲು ಕೊಡುತ್ತೇವೆ. ಸೈಕಲ್‌ನಿಂದ ಗ್ರೀಸ್ ಖಾಲಿಯಾಗುವುದಿದ್ದರೆ ಆ ಕೆಲಸ ಯಾಕೆ ಮಾಡುತ್ತಿದ್ದೆವು?

ಇನ್ನು ಚಿಪ್ಪು ಸರಿದ ಕಥೆ. ಮಂಡಿ ಚಿಪ್ಪು ನಿಜವಾಗಿ ಜಾರಿದ್ದರೆ ನೀವು ಭರಮಸಾಗರದಿಂದ ದಾವಣಗೆರೆಗೆ ಸೈಕಲ್ ತುಳಿದುಕೊಂಡು ಬರುತ್ತಿರಲಿಲ್ಲ, ಆಂಬುಲೆನ್ಸ್‌ನಲ್ಲಿ ಬರುತ್ತಿದ್ದಿರಿ. ಅದೂ ಎರಡೂ ಕಾಲಿನದು ಒಟ್ಟಿಗೇ ಸರಿಯಿತಂತೆ! ನೀವಿ ಕೂರಿಸಿದವರಿಗೆ ದುಡ್ಡು ಕೊಟ್ಟಾಗಿದೆ, ಹೋಗಲಿ. ಇನ್ನೊಮ್ಮೆ ಹೋಗಬೇಡಿ.

ಈಗ ಸೀಟು. ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರುತ್ತವೆ ಅಂದರೆ ಆ ಸೀಟು ರೋಡ್ ಸೈಕಲ್‌ಗೆ ತುಂಬಾ ಕೆಳಗಿದೆ. ಪೆಡಲ್ ಮೇಲೆ ಬಂದಾಗ ಮಂಡಿ ಬೇಕಾದ್ದಕ್ಕಿಂತ ಜಾಸ್ತಿ ಮಡಚುತ್ತದೆ, ಆ ಮಡಚಿದ ಸ್ಥಿತಿಯಲ್ಲೇ ನೀವು ಜೋರು ಹಾಕುತ್ತೀರಿ, ಚಿಪ್ಪು ತೊಡೆ ಮೂಳೆಗೆ ಒತ್ತುತ್ತದೆ. ಒಂದು ಸಲಕ್ಕೆ ಏನೂ ಅಲ್ಲ. ಆದರೆ ನಿಮಿಷಕ್ಕೆ 80 ಸಲ ತುಳಿದರೆ ಗಂಟೆಗೆ 4,800. ಐದು ಗಂಟೆಗೆ ಒಂದೊಂದು ಕಾಲಿಗೂ 24,000. ನೋವು ಬರದಿದ್ದರೇ ಆಶ್ಚರ್ಯ. ಸಿಗ್ನಲ್‌ನಲ್ಲಿ ನಿಲ್ಲುವುದಕ್ಕೆ ಸೀಟಿನ ಮೇಲೆ ಕೂತೇ ಇರಬೇಕಾಗಿಲ್ಲ. ಬ್ರೇಕ್ ಹಿಡಿದು, ಸೀಟಿನಿಂದ ಮುಂದಕ್ಕೆ ಇಳಿದು, ಒಂದು ಕಾಲು ಕೊಡಿ. ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಅಭ್ಯಾಸ ಮಾಡಿದರೆ ಬರುತ್ತದೆ.

ಎತ್ತರ ಹೀಗೆ ನೋಡಿ. ಗೋಡೆ ಹಿಡಿದು ಸೈಕಲ್ ಮೇಲೆ ಕೂರಿ. ಪೆಡಲ್ ಅತಿ ಕೆಳಗಿರಲಿ. ಅದರ ಮೇಲೆ ಹಿಮ್ಮಡಿ ಇಡಿ, ಆಗ ಕಾಲು ನೆಟ್ಟಗಾಗಬೇಕು. ಆಮೇಲೆ ತುಳಿಯುವಾಗ ಇಡುವ ಹಾಗೆ ಪಾದದ ಮುಂಭಾಗ ಇಟ್ಟರೆ ಮಂಡಿ ಸ್ವಲ್ಪ ಮಡಚಿರುತ್ತದೆ. ನಾವು ಅಳೆಯುವಾಗ ಆ ಮಡಚು 25ರಿಂದ 35 ಡಿಗ್ರಿ ಇರಲಿ ಅಂತ ನೋಡುತ್ತೇವೆ. ಲೆಕ್ಕ ಬೇಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆ ಸಂದಿಗೆ ಒಂದು ದಪ್ಪ ಪುಸ್ತಕ ಒತ್ತಿ ಹಿಡಿದು, ನೆಲದಿಂದ ಪುಸ್ತಕದ ಮೇಲಂಚಿಗೆ ಅಳತೆ ತೆಗೆಯಿರಿ. ಅದನ್ನು 0.883ರಿಂದ ಗುಣಿಸಿ. 78 ಸೆಂ.ಮೀ. ಬಂದರೆ ಸುಮಾರು 69. ಪೆಡಲ್ ಕಡ್ಡಿ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಇರಲಿ. ಇದೂ ಶುರುವಿಗೆ ಮಾತ್ರ, ಮಿಲಿಮೀಟರ್ ಲೆಕ್ಕಕ್ಕೆ ನನ್ನ ಜೊತೆ ಜಗಳಕ್ಕೆ ಬರಬೇಡಿ. ಒಂದೇ ದಿನ ಎರಡು ಇಂಚು ಏರಿಸಬೇಡಿ. ಒಂದೊಂದು ಸಲಕ್ಕೆ ಐದು ಮಿಲಿಮೀಟರ್, ಹಳೇ ಜಾಗಕ್ಕೆ ಟೇಪ್ ಸುತ್ತಿ ಗುರುತು ಇಟ್ಟುಕೊಳ್ಳಿ. ತುಳಿಯುವಾಗ ಸೊಂಟ ಆಚೀಚೆ ಹೊರಳಿದರೆ ಅಥವಾ ಮಂಡಿಯ ಹಿಂದೆ ನೋವು ಶುರುವಾದರೆ ಜಾಸ್ತಿ ಏರಿಸಿದ್ದೀರಿ ಅಂತ ಅರ್ಥ. ಸೀಟು ತೀರಾ ಮುಂದಕ್ಕೆ ಜರುಗಿದ್ದರೂ ಮಂಡಿಯ ಮುಂದೆಯೇ ಭಾರ ಬೀಳುತ್ತದೆ, ಅದನ್ನೂ ನೋಡಿ.

ಸೀಟು ಒಂದೇ ಅಲ್ಲ, ಗಾಳಿಯೂ ಇದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮುಂಗಾರಿನಲ್ಲಿ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ದಾವಣಗೆರೆಯಿಂದ ದುರ್ಗಕ್ಕೆ ಹೋಗುವಾಗ ಅದು ಬೆನ್ನಿಗಿರುತ್ತದೆ, ಸ್ಪೀಡ್ ನೋಡಿ ಎಲ್ಲರಿಗೂ ತಾವು ದೊಡ್ಡ ರೇಸರ್ ಅನ್ನಿಸುತ್ತದೆ. ಬರುವಾಗ ಅದೇ ಗಾಳಿ ಎದೆಗೆ. ದುರ್ಗ ದಾವಣಗೆರೆಗಿಂತ ನೂರು ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ, ಅಂದರೆ ವಾಪಸ್ ದಾರಿ ಒಟ್ಟಾರೆ ಇಳಿಜಾರು. "ಇಳಿಜಾರಲ್ಲಿ ಯಾಕೆ ಇಷ್ಟು ಕಷ್ಟ, ನನಗೇನೋ ಆಗಿದೆ" ಅಂತ ನೀವು ಹೋಗುವಾಗ ಹಾಕಿದ್ದ ಭಾರದ ಗೇರನ್ನೇ ಹಿಡಿದು ಒತ್ತಿರುತ್ತೀರಿ. ಜೊತೆಗಾರರು ಮುಂದೆ ಹೋಗುತ್ತಿರುತ್ತಾರೆ, ಮರ್ಯಾದೆ ಪ್ರಶ್ನೆ. ಭರಮಸಾಗರದ ಹೊತ್ತಿಗೆ ಮಂಡಿ ಕೈಕೊಡುತ್ತದೆ. ಇದು ನಿಮ್ಮೊಬ್ಬರದಲ್ಲ, ಆಷಾಢದ ಸೋಮವಾರಗಳಲ್ಲಿ ನನ್ನ ಬಳಿ ಬರುವವರೆಲ್ಲರ ಕಥೆ.

ಗೇರ್ ಇರೋದು ಬದಲಿಸಲಿಕ್ಕೆ. ಎದುರು ಗಾಳಿಯಲ್ಲಿ ಸ್ಪೀಡ್ ಮರೆತು ಕಾಲಿನ ಲಯ ನೋಡಿ. ಬಲಗಾಲು 15 ಸೆಕೆಂಡಿಗೆ 20ರಿಂದ 22 ಸಲ ಕೆಳಗೆ ಬರಬೇಕು. 15ಕ್ಕೆ ಇಳಿದರೆ ತಕ್ಷಣ ಹಗುರ ಗೇರ್ ಹಾಕಿ. ನಿಮ್ಮದು ಸೆಕೆಂಡ್ ಹ್ಯಾಂಡ್ ಸೈಕಲ್. ಹಳೆಯ ರೇಸ್ ಸೈಕಲ್ ಆಗಿದ್ದರೆ ಮುಂದಿನ ಎರಡು ಚಕ್ರಗಳಿಗೆ 53 ಮತ್ತು 39 ಹಲ್ಲು, ಹಿಂದೆ ದೊಡ್ಡದೆಂದರೆ 25 ಹಲ್ಲು ಇರಬಹುದು, ಅಂದರೆ ಭಾರದ ಗೇರ್. ಅದು 43ರ ವಯಸ್ಸಿನ ಕುರ್ಚಿ ಕೆಲಸದವರ ಮಂಡಿಗೆ ಮಾಡಿದ್ದಲ್ಲ. ಮುಂದೆ 50-34, ಹಿಂದೆ 30 ಅಥವಾ 32 ಹಲ್ಲು ಹಾಕಿಸಿ. ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಅಷ್ಟಕ್ಕೆ ಹೊಂದುತ್ತದಾ ಅಂತ ಮೆಕ್ಯಾನಿಕ್‌ನ ಕೇಳಿ. ಮಂಡಿ ಬೆಲ್ಟಿಗೆ, ಎಣ್ಣೆಗೆ, ನೀವಿಸಿಕೊಳ್ಳಲು ಸುರಿಯುವ ದುಡ್ಡು ಇಲ್ಲಿ ಸದುಪಯೋಗ ಆಗುತ್ತದೆ.

ಶೂ ಪೆಡಲ್‌ಗೆ ಕಚ್ಚುವಂಥದ್ದಾಗಿದ್ದರೆ ಅಡಿಯ ಕ್ಲೀಟ್ (ಪೆಡಲ್‌ಗೆ ಕಚ್ಚುವ ತುಂಡು) ಬಣ್ಣ ನೋಡಿ. ಶಿಮಾನೊ ರೋಡ್ ಕ್ಲೀಟ್‌ಗಳಲ್ಲಿ ಹಳದಿ ತುದಿಯದು ಪಾದಕ್ಕೆ 6 ಡಿಗ್ರಿ ತಿರುಗಲು ಬಿಡುತ್ತದೆ, ನೀಲಿ 2, ಕೆಂಪು ಸ್ವಲ್ಪವೂ ಇಲ್ಲ. ಯಾರೋ ಕೊಟ್ಟ ಶೂನಲ್ಲಿ ಕೆಂಪಿದ್ದರೆ ಬಿಚ್ಚಿ ಹಳದಿ ಹಾಕಿ.

30 ಕಿ.ಮೀ.ಯಿಂದ ಒಮ್ಮೆಗೇ ದುರ್ಗಕ್ಕೆ ಹೋಗಿ ಬರುವ 120ಕ್ಕೆ ಹಾರಿದಿರಲ್ಲ, ಅದಕ್ಕೆ ಬೈಯದೆ ಬಿಡುವುದಿಲ್ಲ. ಉಸಿರು, ಎದೆ ಬೇಗ ಒಗ್ಗುತ್ತವೆ. ಸ್ನಾಯುವಿನ ತುದಿ, ಕೀಲು ನಿಧಾನ. "ದಮ್ಮೇ ಕಟ್ಟಲಿಲ್ಲ ಮೇಡಂ" ಅನ್ನುತ್ತಾರೆ ಎಲ್ಲರೂ. ದಮ್ಮು ಕಟ್ಟದೇ ಇದ್ದುದಕ್ಕೇ ಮಂಡಿಗೆ ಏಟು ಬಿದ್ದಿದ್ದು. ಉದ್ದದ ಸವಾರಿಯನ್ನು ಒಂದು ಸಲಕ್ಕೆ ಹತ್ತು ಹದಿನೈದು ಕಿ.ಮೀ. ಏರಿಸಿ, ನಡುವೆ ಒಂದು ವಾರ ಇಳಿಸಿ. ಬ್ರೆವೆಗೆ 200 ಕಿ.ಮೀ. ಮುಗಿಸಲು ಹದಿಮೂರೂವರೆ ಗಂಟೆ ಇದೆ. ಊಟ, ಚಹಾ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಸಾಕು. ಅದಕ್ಕೆ ಯಾರ ಹಿಂದೆಯೂ ಓಡಬೇಕಾಗಿಲ್ಲ.

ಈಗ ಮಾಡಬೇಕಾದ್ದು. ಎರಡು ಮೂರು ವಾರ ಸಪಾಟು ರಸ್ತೆ, ಹಗುರ ಗೇರ್, 15-20 ಕಿ.ಮೀ. ಮಾತ್ರ. ಹತ್ತಕ್ಕೆ ಮೂರರಷ್ಟು ನೋವಿದ್ದು ಮಾರನೇ ಬೆಳಿಗ್ಗೆ ಮಾಮೂಲಿಗೆ ಬಂದರೆ ಮುಂದುವರಿಸಿ, ಜಾಸ್ತಿಯಾದರೆ ಇಳಿಸಿ. ಪೂರ್ತಿ ಮಲಗಬೇಡಿ. ವಾರಕ್ಕೆ ಮೂರು ದಿನ ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂರುವುದು, ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಪಕ್ಕಕ್ಕೆ ಮಲಗಿ ಕಾಲೆತ್ತುವುದು, ಗಿಡ್ಡ ಮೆಟ್ಟಿಲಿನಿಂದ ಒಂಟಿ ಕಾಲಲ್ಲಿ ನಿಧಾನ ಇಳಿಯುವುದು. ತೊಡೆಗೂ ಪೃಷ್ಠಕ್ಕೂ ಬಲ ಬರಲು ಆರರಿಂದ ಹನ್ನೆರಡು ವಾರ ಬೇಕು. ನಾಲ್ಕು ದಿನ ಮಾಡಿ "ಏನೂ ಆಗಲಿಲ್ಲ" ಅಂತ ಬರೆಯಬೇಡಿ. ಬೆಲ್ಟ್ ಹಾಕಿಕೊಂಡರೆ ಹಾಯೆನ್ನಿಸಿದರೆ ಹಾಕಿಕೊಳ್ಳಿ, ಅದು ಮದ್ದಲ್ಲ. ನೋವಿನ ಮಾತ್ರೆ ನುಂಗಿ ಬಿಸಿಲಲ್ಲಿ ಸೈಕಲ್ ಹೊಡೆಯಬೇಡಿ. ಮೈಯಲ್ಲಿ ನೀರು ಕಮ್ಮಿಯಾದಾಗ ಆ ಮಾತ್ರೆಗಳು ಕಿಡ್ನಿಗೆ ಪೆಟ್ಟು ಕೊಡುತ್ತವೆ. ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು ಮೂರೇ ದಿನಕ್ಕೆ ನೋವು ಮಾಯವಾಯಿತು ಅನ್ನುವವರಿದ್ದಾರೆ. ಅಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದು ಹೊಸ ಸುದ್ದಿಯಲ್ಲ. ಎಂಆರ್‌ಐಗೂ ಓಡಬೇಡಿ, ಈ ವಯಸ್ಸಿನಲ್ಲಿ ನೋವಿಲ್ಲದ ಮಂಡಿಯಲ್ಲೂ ಏನಾದರೊಂದು ಕಾಣುತ್ತದೆ, ಆಮೇಲೆ ಅದನ್ನೇ ನೆನೆದು ಕೂರುತ್ತೀರಿ. ಆದರೆ ಮಂಡಿ ಊದಿಕೊಂಡರೆ, ನಡುವೆ ಸಿಕ್ಕಿಹಾಕಿಕೊಂಡು ಚಾಚಲು ಬರದಿದ್ದರೆ, ನಡೆಯುವಾಗ ಕುಸಿದರೆ, ರಾತ್ರಿ ಮಲಗಿದಲ್ಲೂ ನೋವು ಬಿಡದಿದ್ದರೆ, ಜ್ವರ ಬಂದರೆ ನನ್ನನ್ನೂ ಕೇಳದೆ ಮೂಳೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಮಂಡಿ ನೋವಿದೆ, ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡ ಸೈಕಲ್‌ನಲ್ಲಿ ಹತ್ತಬಹುದಾ?

ಉತ್ತರ: ಬೇಡ. ಮೇಲಿನದನ್ನು ಇನ್ನೊಮ್ಮೆ ಓದಿ.

ಪ್ರಶ್ನೆ: ಹಿರಿಯೂರು ಕಡೆಯವನು, 29 ವರ್ಷ. ಸೈಕಲ್ ಜಾಸ್ತಿ ಹೊಡೆದರೆ ಮಕ್ಕಳಾಗುವುದಿಲ್ಲ ಅನ್ನುತ್ತಾರೆ. ಎರಡು ಗಂಟೆ ಆದರೆ ಕೆಳಗೆ ಜೋಮು ಹಿಡಿಯುತ್ತದೆ. ಜೆಲ್ ಕವರ್ ಹಾಕಿಸಿದೆ, ಕಮ್ಮಿಯಾಗಿಲ್ಲ.

ಉತ್ತರ: ಮಕ್ಕಳ ವಿಷಯಕ್ಕೆ ಗಟ್ಟಿ ಪುರಾವೆ ಇಲ್ಲ, ಹೆದರಬೇಡಿ. ಜೋಮು ಮಾತ್ರ ನಿಜ, ಅದನ್ನು ಸಹಿಸಬೇಡಿ. ಜೆಲ್ ಕವರ್ ಕಿತ್ತು ಬಿಸಾಕಿ, ಅದು ನಡುವೆ ಉಬ್ಬಿ ಮೆತ್ತಗಿನ ಜಾಗಕ್ಕೇ ಒತ್ತುತ್ತದೆ. ಸೀಟಿನ ಮೂತಿ ಮೇಲಕ್ಕೆ ಎತ್ತಿದ್ದರೆ ಸಮ ಮಾಡಿ, ನಡುವೆ ಸೀಳಿರುವ ಸೀಟು ಹಾಕಿ ನೋಡಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲಿ. ಪ್ಯಾಡ್ ಇರುವ ಚಡ್ಡಿಯ ಒಳಗೆ ಇನ್ನೊಂದು ಚಡ್ಡಿ ಹಾಕಬೇಡಿ, ಇದನ್ನು ಬರೆಯಬೇಕಾಗಿ ಬಂದದ್ದೇ ಬೇಜಾರು. ಇಷ್ಟಾದರೂ ಸವಾರಿ ಮುಗಿದು ಗಂಟೆಗಟ್ಟಲೆ ಸ್ಪರ್ಶ ಬರದಿದ್ದರೆ ಡಾಕ್ಟರಿಗೆ ತೋರಿಸಿ, ನಾಚಿಕೆ ಬೇಡ.

ಪ್ರಶ್ನೆ: ಕಿರುಬೆರಳು, ಉಂಗುರ ಬೆರಳು ಜೋಮು.

ಉತ್ತರ: ಅಂಗೈ ಬುಡದ ನರ ಒತ್ತುತ್ತಿದೆ. ಹಿಡಿಕೆಯಲ್ಲಿ ಕೈಯ ಜಾಗ ಆಗಾಗ ಬದಲಿಸಿ, ಮೊಣಕೈ ಸ್ವಲ್ಪ ಮಡಚಿ. 23 ಮಿಲಿಮೀಟರ್ ಅಗಲದ ಟೈರಿಗೆ ಕಲ್ಲಿನಂತೆ ಗಾಳಿ ತುಂಬಿಸುತ್ತೀರಲ್ಲ, ಫ್ರೇಮಿನಲ್ಲಿ ಜಾಗವಿದ್ದರೆ 28 ಹಾಕಿ ಗಾಳಿ ಕಮ್ಮಿ ಮಾಡಿ.

ಪ್ರಶ್ನೆ: ಮಗಳಿಗೆ 14. ಹುಡುಗಿಯರು ಜಾಸ್ತಿ ಸೈಕಲ್ ಹೊಡೆಯಬಾರದು ಅಂತ ನಮ್ಮ ಅತ್ತೆ ಹೇಳುತ್ತಾರೆ, ನಿಜಾನಾ?

ಉತ್ತರ: ಸುಳ್ಳು. ಹೊಡೆಯಲಿ. 2006-07ರಲ್ಲೇ ಸರ್ಕಾರ ಹೈಸ್ಕೂಲ್ ಹುಡುಗಿಯರಿಗೆ ಸೈಕಲ್ ಹಂಚಲು ಶುರುಮಾಡಿತ್ತು, ಇನ್ನೂ ಈ ಪ್ರಶ್ನೆ ಬರುತ್ತಿದೆ.

ಪ್ರಶ್ನೆ: ಬೆಳಿಗ್ಗೆ ಸೈಕಲ್ ಹತ್ತುವ ಮುಂಚೆ ಬೆಣ್ಣೆ ದೋಸೆ ತಿಂದರೆ ಶಕ್ತಿ ಬರುತ್ತಾ?

ಉತ್ತರ: ತೇಗು ಬರುತ್ತದೆ. ಮುಂಚೆ ಬಾಳೆಹಣ್ಣು, ದೋಸೆ ಬಂದ ಮೇಲೆ.

ಪ್ರಶ್ನೆ: ರಸ್ತೆಯಲ್ಲಿ ಒಣಗಲು ಹಾಕಿದ್ದ ಮೆಕ್ಕೆಜೋಳದ ಮೇಲೆ ಜಾರಿ ಬಿದ್ದೆ. ಮೊಣಕೈ, ತೊಡೆ ತರಚಿದೆ. ಅರಿಶಿನ, ಕಾಫಿಪುಡಿ ಹಚ್ಚಿದ್ದೇನೆ, ಈಗ ಕೀವು ಬರುತ್ತಿದೆ.

ಉತ್ತರ: ಕಾಫಿಪುಡಿ ಇರುವುದು ಕಾಫಿಗೆ. ಕೀವು ಬಂದಿದೆ ಅಂದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ, ಟಿಟಿ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ನೆನಪಿಲ್ಲದಿದ್ದರೆ ಅದನ್ನೂ ಹೇಳಿ. ಉಳಿದವರು ತಿಳಿದುಕೊಳ್ಳಿ, ಬಿದ್ದ ಗಾಯವನ್ನು ನಲ್ಲಿ ನೀರಿನ ಕೆಳಗೆ ಹಿಡಿದು ಮಣ್ಣು, ಕಲ್ಲು ಪೂರ್ತಿ ಹೋಗುವ ತನಕ ತೊಳೆಯಬೇಕು. ಉರಿಯುತ್ತದೆ, ಉರಿಯಲಿ. ಆಮೇಲೆ ಸ್ವಚ್ಛ ಬಟ್ಟೆ ಮುಚ್ಚಿ. ಕಾಳಿನ ಮೇಲೆ ಹೋಗಲೇಬೇಕಾಗಿ ಬಂದರೆ ಹ್ಯಾಂಡಲ್ ತಿರುಗಿಸಬೇಡಿ, ಬ್ರೇಕ್ ಒತ್ತಬೇಡಿ, ನೆಟ್ಟಗೆ ಬಿಡಿ. ಅಕ್ಟೋಬರ್‌ನಿಂದ ಜಗಳೂರು ಕಡೆ ಹೋಗುವವರು ಇಳಿದು ತಳ್ಳಿಕೊಂಡು ಹೋದರೂ ಪರವಾಗಿಲ್ಲ. ತಲೆಗೆ ಏಟು ಬಿದ್ದು ವಾಂತಿ, ಮಂಪರು, ತಲೆನೋವು ಜಾಸ್ತಿಯಾಗುವುದು, ಇದರಲ್ಲಿ ಒಂದಿದ್ದರೂ ನನಗೆ ಬರೆಯುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಮತ್ತೆ, ಆ ಹೆಲ್ಮೆಟ್ ಒಮ್ಮೆ ಏಟು ತಿಂದಿದ್ದರೆ ಹೊರಗೆ ಬಿರುಕು ಕಾಣದಿದ್ದರೂ ಬದಲಿಸಿ.